ಹೆರಿಗೆ ಸಂಶೋಧನೆಯ ಸುದ್ದಿ: ಮದ್ದಿನ ಹೆಸರು ಬರುತ್ತದೆ, ಷರತ್ತು ಬರುವುದಿಲ್ಲ

ಸಂಪಾದಕರಿಗೆ,

ಹೆರಿಗೆ ಮತ್ತು ನವಜಾತ ಶಿಶುವಿನ ಆರೈಕೆ ಕುರಿತ ಸಂಶೋಧನೆಗಳು ಈಗ ಪತ್ರಿಕೆಗಳಲ್ಲಿ ಆಗಾಗ ಸುದ್ದಿಯಾಗುತ್ತಿವೆ. ಆಗಲೇಬೇಕು. ನಮ್ಮ ತಕರಾರು ಸುದ್ದಿ ಬರುವ ರೀತಿಯ ಬಗ್ಗೆ. ‘ಬಾಣಂತಿ ರಕ್ತಸ್ರಾವಕ್ಕೆ ಹೊಸ ಮದ್ದು’, ‘ಒಂದೇ ಇಂಜೆಕ್ಷನ್ನಿಂದ ಶಿಶುಮರಣ ಇಳಿಕೆ’, ‘ಅಪಾಯ ಶೇ 60ರಷ್ಟು ಕಡಿಮೆ’ ಎಂಬಂಥ ತಲೆಬರಹ ಇರುತ್ತದೆ. ಮದ್ದಿನ ಹೆಸರೂ ಇರುತ್ತದೆ, ಶೇಕಡಾ ಲೆಕ್ಕವೂ ಇರುತ್ತದೆ. ಆ ಮದ್ದು ಯಾರಿಗೆ, ಎಷ್ಟು ಹೊತ್ತಿನೊಳಗೆ, ಬೇರೆ ಯಾವುದರ ಜೊತೆಗೆ, ಯಾವುದಕ್ಕೆ ಹೋಲಿಸಿ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಬೇರೆ ವಿಷಯದಲ್ಲಾದರೆ ಇದನ್ನು ಬರವಣಿಗೆಯ ಸಣ್ಣ ಕೊರತೆ ಎಂದು ಬಿಡಬಹುದಿತ್ತು. ಹೆರಿಗೆಯ ವಿಷಯದಲ್ಲಿ ಫಲಿತಾಂಶ ನಿಂತಿರುವುದೇ ಆ ಷರತ್ತುಗಳ ಮೇಲೆ. ಷರತ್ತು ಕಳಚಿಕೊಂಡಾಗ ಅದೇ ಮದ್ದು ಕೆಲಸಕ್ಕೆ ಬಾರದೆ ಹೋದದ್ದಿದೆ, ಸಾವು ಹೆಚ್ಚಿಸಿದ್ದೂ ಇದೆ.

ಹೆರಿಗೆಯ ನಂತರದ ರಕ್ತಸ್ರಾವವನ್ನೇ ಮೊದಲು ತೆಗೆದುಕೊಳ್ಳಿ. ಹೆತ್ತ 24 ಗಂಟೆಯೊಳಗೆ 500 ಮಿ.ಲೀ. ಅಥವಾ ಅದಕ್ಕೂ ಹೆಚ್ಚು ರಕ್ತ ಹೋದರೆ ಅದು ಅತಿ ರಕ್ತಸ್ರಾವ ಎಂಬುದು ಬಹುಕಾಲದ ವ್ಯಾಖ್ಯೆ. ಆದರೆ ಆ ಅರ್ಧ ಲೀಟರನ್ನು ಅಳೆಯುವುದು ಹೇಗೆ? ಬಹಳ ಕಡೆ ಕಣ್ಣಂದಾಜಿನಲ್ಲೇ. ರಕ್ತ ಒಂದೇ ಕಡೆ ನಿಲ್ಲುವುದಿಲ್ಲ. ಬಟ್ಟೆಗೆ, ಪ್ಯಾಡಿಗೆ, ಹಾಸಿಗೆಗೆ, ನೆಲಕ್ಕೆ ಹಂಚಿಹೋಗುತ್ತದೆ, ಗರ್ಭದ ನೀರು ಮತ್ತು ಮೂತ್ರದ ಜೊತೆ ಬೆರೆಯುತ್ತದೆ. ಸ್ರಾವ ಹೆಚ್ಚಾದಷ್ಟೂ ಕಣ್ಣಿನ ಅಂದಾಜು ನಿಜಕ್ಕಿಂತ ಕೆಳಗಿಳಿಯುತ್ತದೆ. ಮೈಯೂ ಮೋಸ ಮಾಡುತ್ತದೆ. ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದ, ಆರೋಗ್ಯವಂತ ಹೆಂಗಸಿನ ಬಿಪಿ ಬಹಳಷ್ಟು ರಕ್ತ ಹೋಗುವವರೆಗೂ ಸರಿಯಾಗಿಯೇ ಇರುವಂತೆ ಕಾಣುತ್ತದೆ. ಬಿಪಿ ಇಳಿದ ಮೇಲೆ ಓಡಾಡಲು ಶುರುಮಾಡಿದರೆ ಅಷ್ಟು ಹೊತ್ತು ಕಳೆದುಹೋಗಿರುತ್ತದೆ.

ಈ ಜಾಗದಲ್ಲಿ ದೊಡ್ಡ ಬದಲಾವಣೆ ತಂದದ್ದು, ರಕ್ತವನ್ನು ಅಳೆದು ಕೂಡಲೇ ಚಿಕಿತ್ಸೆ ಶುರುಮಾಡುವ ಹೊಸ ಕ್ರಮವನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳು, 2,10,132 ಸಹಜ ಹೆರಿಗೆಗಳು. ಇಲ್ಲಿ ಚೀಟಿ ಎತ್ತಿದಂತೆ ಹಂಚಿದ್ದು ಆಸ್ಪತ್ರೆಗಳನ್ನು, ಹೆಂಗಸರನ್ನಲ್ಲ. ಒಂದೇ ಹೆರಿಗೆ ಕೋಣೆಯಲ್ಲಿ ಒಬ್ಬಳಿಗೆ ಹೊಸ ಕ್ರಮ, ಪಕ್ಕದವಳಿಗೆ ಹಳೆಯ ಕ್ರಮ ಎಂದು ಒಬ್ಬರೇ ನರ್ಸಿಗೆ ಹೇಳಲಾಗುವುದಿಲ್ಲವಲ್ಲ, ಅದಕ್ಕೆ. ಹಾಗಾಗಿ ಎರಡು ಲಕ್ಷ ಎಂಬ ಸಂಖ್ಯೆಗೆ ಬೆರಗಾಗುವ ಮೊದಲು 80 ಎಂಬುದನ್ನು ನೋಡಬೇಕು. ಹೋಲಿಕೆ ನಡೆದಿರುವುದು ಆಸ್ಪತ್ರೆಗಳ ನಡುವೆ. ಲೀಟರಿಗಿಂತ ಹೆಚ್ಚು ರಕ್ತ ಹೋಗುವುದು, ರಕ್ತಸ್ರಾವಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು, ರಕ್ತಸ್ರಾವದಿಂದ ಸಾವು, ಈ ಮೂರರಲ್ಲಿ ಯಾವುದಾದರೂ ಒಂದು ಆದದ್ದು ಹೊಸ ಕ್ರಮದ ಆಸ್ಪತ್ರೆಗಳಲ್ಲಿ ಶೇ 1.6, ಹಳೆಯ ಕ್ರಮದಲ್ಲಿ ಶೇ 4.3. ‘ಶೇ 60 ಇಳಿಕೆ’ ಎಂಬ ತಲೆಬರಹ ಹುಟ್ಟಿದ್ದು ಇಲ್ಲಿಂದ.

ಆ ತಲೆಬರಹ ಓದಿದವರು ಹೊಸ ಔಷಧವೇನೋ ಬಂದಿದೆ ಎಂದುಕೊಂಡರು. ಹೊಸ ಔಷಧ ಒಂದೂ ಇರಲಿಲ್ಲ. ಮಗು ಹುಟ್ಟಿದ ಮೇಲೆ ತಾಯಿಯ ಸೊಂಟದಡಿ ಹಾಸುವ, ತುದಿಯಲ್ಲಿ ಆಲಿಕೆಯಂತೆ ಇಳಿಬಿದ್ದ ಚೀಲವಿರುವ ಪ್ಲಾಸ್ಟಿಕ್ ಹಾಸು. ಚೀಲದ ಮೇಲೆ ಗೆರೆಗಳು: 300 ಮಿ.ಲೀ.ಗೆ ಎಚ್ಚರಿಕೆಯ ಗೆರೆ, 500ಕ್ಕೆ ಚಿಕಿತ್ಸೆ ಶುರುಮಾಡುವ ಗೆರೆ. ಮೊದಲ ಒಂದು ಗಂಟೆ, 15 ನಿಮಿಷಕ್ಕೊಮ್ಮೆ ಸ್ರಾವ, ಗರ್ಭಕೋಶದ ಬಿಗಿತ, ನಾಡಿ, ಬಿಪಿ ನೋಡಿ ಬರೆಯುವುದು. ಸ್ವಾರಸ್ಯ ಇರುವುದು ಹೋಲಿಕೆಯ ಗುಂಪಿನಲ್ಲಿ. ಅಲ್ಲೂ ಹಾಸು ಇತ್ತು, ಆದರೆ ಅದರ ಮೇಲೆ ಗೆರೆ ಇರಲಿಲ್ಲ. ರಕ್ತವನ್ನು ಆಮೇಲೆ ತೂಕ ಹಾಕಿ ಸಂಶೋಧಕರು ಲೆಕ್ಕ ತೆಗೆದರು, ಆರೈಕೆ ಮಾಡುವವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಹಾಗೆ ತೂಕ ಹಾಕಿ ನೋಡಿದಾಗ, ಅತಿ ರಕ್ತಸ್ರಾವವಾದವರಲ್ಲಿ ಗೆರೆಯಿಲ್ಲದ ಆಸ್ಪತ್ರೆಗಳು ಗುರುತಿಸಿದ್ದು ಶೇ 51 ಮಾತ್ರ. ಗೆರೆಯಿದ್ದ ಕಡೆ ಶೇ 93. ಅಂದರೆ ಅರ್ಧಕ್ಕರ್ಧ ಬಾಣಂತಿಯರ ರಕ್ತಸ್ರಾವ ಪಕ್ಕದಲ್ಲಿದ್ದವರ ಗಮನಕ್ಕೇ ಬಂದಿರಲಿಲ್ಲ. ಸಾವನ್ನಷ್ಟೇ ಬೇರೆಯಾಗಿ ತೆಗೆದು ನೋಡಿದರೆ ಸಂಖ್ಯೆ ಚಿಕ್ಕದು, ವ್ಯತ್ಯಾಸ ಖಚಿತವೆನ್ನುವಷ್ಟಿರಲಿಲ್ಲ. ಇಳಿದದ್ದು ಮುಖ್ಯವಾಗಿ ಲೀಟರ್ ದಾಟುವ ಸ್ರಾವ. ಮೂರು ಘಟನೆಗಳನ್ನು ಒಂದೇ ಬುಟ್ಟಿಗೆ ಹಾಕಿ ಎಣಿಸಿದಾಗ ಯಾವುದು ಎಷ್ಟು ಇಳಿಯಿತು ಎಂಬುದನ್ನು ಬಿಡಿಸಿ ಹೇಳದಿದ್ದರೆ, ಓದುಗರು ಸಹಜವಾಗಿಯೇ ‘ಸಾವು ಶೇ 60 ಇಳಿಯಿತು’ ಎಂದು ಓದಿಕೊಳ್ಳುತ್ತಾರೆ.

ಇನ್ನು ಗೆರೆ ಮುಟ್ಟಿದ ಮೇಲಿನ ಕೆಲಸ. ಗರ್ಭಕೋಶ ಗಟ್ಟಿಯಾಗುವವರೆಗೆ ಹೊಟ್ಟೆಯ ಮೇಲಿಂದ ತಿಕ್ಕುವುದು. ಗರ್ಭಕೋಶವನ್ನು ಬಿಗಿಯಾಗಿಸುವ ಆಕ್ಸಿಟೋಸಿನ್ನನ್ನು 10 ಯೂನಿಟ್, 200ರಿಂದ 500 ಮಿ.ಲೀ. ಸಲೈನಿನಲ್ಲಿ ಬೆರೆಸಿ 10 ನಿಮಿಷದಲ್ಲಿ, ಆಮೇಲೆ 20 ಯೂನಿಟನ್ನು ಒಂದು ಲೀಟರಿನಲ್ಲಿ 4 ಗಂಟೆ ಹರಿಸುವುದು. ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ, ರಕ್ತನಾಳಕ್ಕೆ, 10 ನಿಮಿಷದಲ್ಲಿ ನಿಧಾನವಾಗಿ. ಜೊತೆಗೆ ಪರೀಕ್ಷೆ: ಮೂತ್ರಕೋಶ ತುಂಬಿದೆಯೇ, ಮಾಸು ಪೂರ್ತಿ ಬಂದಿದೆಯೇ, ಹೆಪ್ಪುಗಟ್ಟಿದ ರಕ್ತ ಒಳಗೆ ನಿಂತಿದೆಯೇ, ಯೋನಿ ಅಥವಾ ಗರ್ಭಕಂಠ ಹರಿದಿದೆಯೇ. ಇವೆಲ್ಲ 15 ನಿಮಿಷದೊಳಗೆ ಆಗಬೇಕು. ಹಳೆಯ ಪದ್ಧತಿಯ ತೊಂದರೆ ಇದ್ದದ್ದು ಇಲ್ಲೇ. ಒಂದು ಮದ್ದು ಕೊಟ್ಟು ಕಾಯುವುದು, ನಿಲ್ಲದಿದ್ದರೆ ಇನ್ನೊಂದು, ಮತ್ತೆ ಕಾಯುವುದು. ಪ್ರತಿಯೊಂದು ಕಾಯುವಿಕೆಯಲ್ಲೂ ಇನ್ನಷ್ಟು ರಕ್ತ ಹೋಗಿರುತ್ತಿತ್ತು. ಹೊಸ ಕ್ರಮದಲ್ಲಿ ಎಲ್ಲವೂ ಒಟ್ಟಿಗೇ ಶುರು. ಈ ಪೂರ್ತಿ ಕಟ್ಟು ಸಿಕ್ಕಿದ್ದು ಹೊಸ ಕ್ರಮದಲ್ಲಿ ಶೇ 91 ಮಂದಿಗೆ, ಹಳೆಯದರಲ್ಲಿ ಶೇ 19 ಮಂದಿಗೆ.

ಹಾಸನ್ನು ಮಾತ್ರ ಕೊಂಡು ತಂದು, ಉಳಿದದ್ದನ್ನು ಬಿಟ್ಟರೆ ಏನಾಗುತ್ತದೆ ಎಂದು ಊಹಿಸಲು ಕಷ್ಟವಿಲ್ಲ. ಗರ್ಭದ ನೀರು ಹರಿದುಹೋಗುವ ಮೊದಲೇ ಹಾಸಿದರೆ ನೀರೂ ರಕ್ತದ ಲೆಕ್ಕಕ್ಕೆ ಸೇರುತ್ತದೆ, ಸುಳ್ಳು ಎಚ್ಚರಿಕೆ ಬರುತ್ತದೆ. ನಾಲ್ಕು ಸಲ ಸುಳ್ಳಾದರೆ ಐದನೆಯ ಸಲ ಯಾರೂ ಗೆರೆಯನ್ನು ನಂಬುವುದಿಲ್ಲ. ಹಾಸು ಜಾರಿ ಸುಕ್ಕಾದರೆ ಹೆಪ್ಪುಗಳು ಮೇಲೇ ನಿಲ್ಲುತ್ತವೆ, ಚೀಲ ಖಾಲಿ ಕಾಣುತ್ತದೆ. ಹೊಲಿಗೆ ಮುಗಿಯಿತೆಂದು ಇಪ್ಪತ್ತು ನಿಮಿಷಕ್ಕೇ ತೆಗೆದು ಮಲಗಿಸಿದರೆ ಆಮೇಲಿನ ಸ್ರಾವಕ್ಕೆ ಅಳತೆಯೇ ಇಲ್ಲ. ಮದ್ದು ಬೀರುವಿನಲ್ಲಿದ್ದು ಕೀಲಿ ಬೇರೆಯವರ ಹತ್ತಿರ ಇದ್ದರೆ 15 ನಿಮಿಷ ಎಂಬ ಮಾತು ಕಾಗದದ ಮೇಲೇ ಉಳಿಯುತ್ತದೆ. ಪ್ರಯೋಗದಲ್ಲಿ ಮದ್ದು, ಸೂಜಿ, ಸಲೈನ್ ಎಲ್ಲವನ್ನೂ ಒಂದೇ ಟ್ರಾಲಿಯಲ್ಲಿ ಅಥವಾ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದು ಸುಮ್ಮನೆ ಅಲ್ಲ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಹಜ ಹೆರಿಗೆಯಲ್ಲಿ 300 ಮಿ.ಲೀ. ದಾಟಿದಾಗ ನಾಡಿ, ಬಿಪಿಯಲ್ಲಿ ಏರುಪೇರು ಕಂಡರೆ 500ಕ್ಕೆ ಕಾಯದೆ ಚಿಕಿತ್ಸೆ ಶುರುಮಾಡಿ ಎಂದಿತು. ನಾಡಿ 100 ದಾಟುವುದು, ಮೇಲಿನ ಬಿಪಿ 100ಕ್ಕಿಂತ ಇಳಿಯುವುದು, ಅಥವಾ ನಾಡಿಯ ಸಂಖ್ಯೆ ಮೇಲಿನ ಬಿಪಿಯನ್ನು ಮೀರುವುದು ಅಂಥ ಸೂಚನೆಗಳು.

ಟ್ರಾನೆಕ್ಸಾಮಿಕ್ ಆಮ್ಲದ ಸುದ್ದಿ ಬಂದಾಗಲೂ ಇದೇ ಕಥೆ. 21 ದೇಶಗಳ 20,060 ಬಾಣಂತಿಯರ ಮೇಲೆ ನಡೆದ ವುಮನ್ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ರಕ್ತಸ್ರಾವದಿಂದ ಸತ್ತವರು ಮದ್ದು ಪಡೆದವರಲ್ಲಿ ಶೇ 1.5, ಪಡೆಯದವರಲ್ಲಿ ಶೇ 1.9. ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟವರನ್ನಷ್ಟೇ ನೋಡಿದರೆ ಶೇ 1.2 ಮತ್ತು ಶೇ 1.7. ಮೂರು ಗಂಟೆ ದಾಟಿದ ಮೇಲೆ ಕೊಟ್ಟದ್ದರಿಂದ ಪ್ರಯೋಜನ ಕಾಣಲಿಲ್ಲ. ಅಪಘಾತದ ಗಾಯಾಳುಗಳನ್ನೂ ಸೇರಿಸಿ 40,138 ಮಂದಿಯ ದಾಖಲೆಗಳನ್ನು ಒಟ್ಟಿಗೆ ನೋಡಿದ 2018ರ ವಿಶ್ಲೇಷಣೆ, ಮೂರು ಗಂಟೆಯೊಳಗೂ ಪ್ರತಿ 15 ನಿಮಿಷ ತಡವಾದಂತೆ ಪ್ರಯೋಜನ ಸುಮಾರು ಶೇ 10ರಷ್ಟು ಕುಸಿಯುತ್ತದೆ ಎಂದು ತೋರಿಸಿತು. ಈ ಮದ್ದಿನ ಸುದ್ದಿಯಲ್ಲಿ ಗಡಿಯಾರ ಇಲ್ಲದಿದ್ದರೆ ಸುದ್ದಿಯ ಅರ್ಧ ಭಾಗವೇ ಇಲ್ಲ.

ಸ್ರಾವ ಶುರುವಾದ ಮೇಲೆ ಕೊಟ್ಟರೆ ಒಳ್ಳೆಯದು ಎಂದಾದರೆ, ಶುರುವಾಗುವ ಮೊದಲೇ ಎಲ್ಲರಿಗೂ ಕೊಡಬಾರದೇಕೆ? ಕೇಳಲೇಬೇಕಾದ ಪ್ರಶ್ನೆ. ರಕ್ತಹೀನತೆ ಇದ್ದ 15,068 ಹೆಂಗಸರಿಗೆ ಹೊಕ್ಕುಳುಬಳ್ಳಿ ಕತ್ತರಿಸಿದ 15 ನಿಮಿಷದೊಳಗೆ ಮುನ್ನೆಚ್ಚರಿಕೆಯಾಗಿ ಕೊಟ್ಟು ನೋಡಿದ ಪ್ರಯೋಗ 2023ರಲ್ಲಿ ಬಂತು. ಅತಿ ರಕ್ತಸ್ರಾವ ಮದ್ದು ಪಡೆದವರಲ್ಲಿ ಶೇ 7.0, ಪಡೆಯದವರಲ್ಲಿ ಶೇ 6.6. ಉಪಯೋಗವಿಲ್ಲ. ಅದೇ ಮದ್ದು, ಅದೇ 1 ಗ್ರಾಂ, ಕೊಡುವ ಕಾರಣ ಬೇರೆ, ಫಲಿತಾಂಶವೂ ಬೇರೆ. ಇಂಥ ‘ಉಪಯೋಗವಿಲ್ಲ’ ಎನ್ನುವ ಫಲಿತಾಂಶಗಳು ಪತ್ರಿಕೆಯ ಮುಖ ಕಾಣುವುದೇ ಅಪರೂಪ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಈ ಮದ್ದಿನ ಆಂಪೂಲು ಬೆನ್ನಿಗೆ ಕೊಡುವ ಅರಿವಳಿಕೆ ಮದ್ದಿನ ಆಂಪೂಲಿನಂತೆಯೇ ಕಾಣಬಹುದು. ಗೊಂದಲದಲ್ಲಿ ಬೆನ್ನುಹುರಿಗೆ ಹೋದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು; ಹಾಗೆ ಆದದ್ದೂ ಇದೆ. ಅರಿವಳಿಕೆಯ ತಟ್ಟೆಯಿಂದ ದೂರ, ಬೇರೆ ಕಪಾಟಿನಲ್ಲಿ ಇಡಬೇಕು ಎನ್ನುವುದು ಅದಕ್ಕೇ.

ಆಕ್ಸಿಟೋಸಿನ್ನಿನ ಷರತ್ತು ಫ್ರಿಜ್ಜು. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಮದ್ದು ಸೆಕೆಯ ಕೋಣೆಯಲ್ಲಿ ವಾರಗಟ್ಟಲೆ ಕೂತರೆ ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ಸತ್ವ ಮಾತ್ರ ಇಳಿದಿರುತ್ತದೆ. ಅದೇ ಕೆಲಸ ಮಾಡುವ, ಬಿಸಿ ತಡೆಯುವ ಕಾರ್ಬೆಟೋಸಿನ್ ಬಂದದ್ದು ಈ ಕೊರತೆ ತುಂಬಲು. 2018ರಲ್ಲಿ 10 ದೇಶಗಳ 29,645 ಹೆಂಗಸರಲ್ಲಿ ಹೋಲಿಸಿದಾಗ ಎರಡೂ ಸಮ ಎಂದು ಬಂತು: 500 ಮಿ.ಲೀ. ಅಥವಾ ಹೆಚ್ಚು ಸ್ರಾವವಾದವರು, ಇಲ್ಲವೇ ಮತ್ತೊಂದು ಮದ್ದು ಬೇಕಾದವರು ಶೇ 14.5 ಮತ್ತು ಶೇ 14.4. ‘ಹೊಸದರಲ್ಲಿ ವಿಶೇಷವೇನಿಲ್ಲ’ ಎಂದು ಇದನ್ನು ಓದಿದವರಿದ್ದಾರೆ. ಅಲ್ಲಿ ಹೋಲಿಸಿದ್ದು ಸರಿಯಾಗಿ ತಣ್ಣಗಿಟ್ಟ ಆಕ್ಸಿಟೋಸಿನ್ ಜೊತೆ. ಕರೆಂಟು ಹೋಗಿಬರುವ ಜಾಗದ ಆಕ್ಸಿಟೋಸಿನ್ ಜೊತೆಗಲ್ಲ.

ಅವಧಿಗೆ ಮುನ್ನ ಹುಟ್ಟುವ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನಿನ ಚರಿತ್ರೆಯನ್ನು ಆರೋಗ್ಯ ವರದಿ ಬರೆಯುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 282 ತಾಯಂದಿರ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಮದ್ದು ಪಡೆದ ತಾಯಂದಿರ ಮಕ್ಕಳಲ್ಲಿ ಉಸಿರಾಟದ ತೊಂದರೆಯೂ ಸಾವೂ ಕಡಿಮೆ. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳು ಒಂದೊಂದಾಗಿ ನೋಡಿದರೆ ಚಿಕ್ಕವು, ಕೆಲವು ಅಸ್ಪಷ್ಟ. ಎಲ್ಲವನ್ನೂ ಕೂಡಿಸಿ ನೋಡಿದಾಗ ಉತ್ತರ ಸ್ಪಷ್ಟವಿತ್ತು. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ವ್ಯಾಪಕ ಬಳಕೆಗೆ ಶಿಫಾರಸು ಮಾಡಿದ್ದು 1994ರಲ್ಲಿ. ಪ್ರಯೋಗಗಳನ್ನು ಕೂಡಿಸಿ ಅಳೆಯುವ ಕೆಲಸಕ್ಕೆಂದೇ ಹುಟ್ಟಿದ ಕೊಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಕಾಣುವ ಅಡ್ಡಗೆರೆಗಳು ಇದೇ ಸ್ಟಿರಾಯ್ಡ್ ಪ್ರಯೋಗಗಳವು. ತಡಮಾಡಿದ್ದರ ಬೆಲೆ ಎಷ್ಟೆಂದು ನೆನಪಿಸುವ ಗೆರೆಗಳು ಅವು.

ಇಷ್ಟೇ ಆಗಿದ್ದರೆ ‘ಸಂಶೋಧನೆಯನ್ನು ಬೇಗ ಜಾರಿಗೆ ತನ್ನಿ’ ಎಂದು ಪಾಠ ಮುಗಿಸಬಹುದಿತ್ತು. ಮುಂದಿನ ಅಧ್ಯಾಯ ಬೇರೆ ಇದೆ. ಅರ್ಜೆಂಟೀನಾ, ಗ್ವಾಟೆಮಾಲಾ, ಭಾರತ, ಕೆನ್ಯಾ, ಪಾಕಿಸ್ತಾನ, ಜಾಂಬಿಯಾಗಳಲ್ಲಿ ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡ ಆಕ್ಟ್ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಅದೇ ಬಗೆಯ ಸ್ಟಿರಾಯ್ಡ್ ಆದ ಡೆಕ್ಸಾಮೆಥಾಸೋನ್, 6 ಮಿ.ಗ್ರಾಂ., 12 ಗಂಟೆಗೊಮ್ಮೆ, ನಾಲ್ಕು ಬಾರಿ. ಈ ಬಾರಿ ಸಮುದಾಯ ಮಟ್ಟದ ಆರೋಗ್ಯ ಕಾರ್ಯಕರ್ತರಿಂದ ಹಿಡಿದು ಎಲ್ಲ ಹಂತದಲ್ಲೂ ಮದ್ದು ಹೆಚ್ಚು ತಾಯಂದಿರಿಗೆ ಮುಟ್ಟುವಂತೆ ಮಾಡಿದರು. ಮುಟ್ಟಿತು, ಅತಿ ಕಡಿಮೆ ತೂಕದ ಶಿಶುಗಳ ತಾಯಂದಿರಲ್ಲಿ ಮದ್ದು ಪಡೆದವರು ಶೇ 10ರ ಬದಲು ಶೇ 45 ಆದರು. ಆದರೆ ಆ ಚಿಕ್ಕ ಶಿಶುಗಳ ಸಾವು ಇಳಿಯಲಿಲ್ಲ. ಎಲ್ಲ ಶಿಶುಗಳನ್ನೂ ಸೇರಿಸಿದರೆ 28 ದಿನದೊಳಗಿನ ಸಾವು ಸಾವಿರಕ್ಕೆ 23.9ರ ಬದಲು 27.4 ಆಯಿತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು.

ಮದ್ದಿನ ಬಗೆ ಬದಲಾಗಿರಲಿಲ್ಲ. ಬದಲಾದದ್ದು ಸುತ್ತಲಿನದ್ದು. ಗರ್ಭ ಎಷ್ಟು ವಾರದ್ದು ಎಂಬುದನ್ನು ಕೊನೆಯ ಮುಟ್ಟಿನ ದಿನಾಂಕದಿಂದ ಅಥವಾ ಗರ್ಭಕೋಶದ ಎತ್ತರವನ್ನು ಟೇಪಿನಿಂದ ಅಳೆದು ಅಂದಾಜು ಮಾಡುತ್ತಿದ್ದರು. ಆ ಅಂದಾಜು ತಪ್ಪಿದಾಗ ಮದ್ದು ಬೇಕಿಲ್ಲದ, ಸಾಕಷ್ಟು ಬಲಿತ ಶಿಶುಗಳಿಗೂ ಅದು ಹೋಯಿತು. ಅವಕ್ಕೆ ಸಿಗುವ ಲಾಭ ಅಲ್ಪ, ತೊಂದರೆ ಮಾತ್ರ ಪೂರ್ತಿ. 34 ವಾರ ದಾಟಿದ ಶಿಶುಗಳ ಬಗ್ಗೆ 2016ರಲ್ಲಿ ಬಂದ ಅಮೆರಿಕದ ಪ್ರಯೋಗದಲ್ಲಿ ಹುಟ್ಟಿದ ಮೇಲೆ ರಕ್ತದ ಸಕ್ಕರೆ ಇಳಿದದ್ದು ಸ್ಟಿರಾಯ್ಡ್ ಗುಂಪಿನಲ್ಲಿ ಶೇ 24, ಇನ್ನೊಂದರಲ್ಲಿ ಶೇ 15. ಸಕ್ಕರೆ ಅಳೆದು ಸರಿಮಾಡುವ ವ್ಯವಸ್ಥೆ ಇರುವಲ್ಲಿ ಇದು ನಿಭಾಯಿಸಬಹುದಾದ ತೊಂದರೆ, ಇಲ್ಲದಲ್ಲಿ ಅಲ್ಲ. ಇನ್ನೊಂದು ಕಡೆ, ಮದ್ದು ಸಿಕ್ಕ ನಿಜವಾದ ಚಿಕ್ಕ ಮಗುವಿಗೂ ಹುಟ್ಟಿದ ಮೇಲೆ ಬೆಚ್ಚಗಿಡುವ, ಹಾಲು ಕುಡಿಸುವ, ಉಸಿರಾಟಕ್ಕೆ ಆಸರೆ ಕೊಡುವ ಜಾಗ ಬೇಕಲ್ಲ?

ಈ ಷರತ್ತುಗಳನ್ನೆಲ್ಲ ಪಾಲಿಸಿ ಅದೇ ಮದ್ದು ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2020ರ ಪ್ರಯೋಗದಲ್ಲಿ. ಬಾಂಗ್ಲಾದೇಶ, ಭಾರತ, ಕೆನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳು, 2,852 ತಾಯಂದಿರು. ಸ್ಕ್ಯಾನಿಂಗಿನಿಂದ ವಾರ ಖಚಿತ ಮಾಡಿಕೊಂಡರು. 26ರಿಂದ 34 ವಾರದೊಳಗಿನವರು, ಬೇಗ ಹೆರಿಗೆಯಾಗುವ ಸಂಭವ ಇದ್ದವರು, ಸೋಂಕಿನ ಲಕ್ಷಣ ಇಲ್ಲದವರು ಮಾತ್ರ. ಶಿಶು ಆರೈಕೆಗೆ ತಕ್ಕ ಆಸ್ಪತ್ರೆಗಳನ್ನೇ ಆರಿಸಿದ್ದರು. ನವಜಾತ ಶಿಶುಗಳ ಸಾವು ಮದ್ದು ಪಡೆದ ಗುಂಪಿನಲ್ಲಿ ಶೇ 19.6, ಪಡೆಯದ ಗುಂಪಿನಲ್ಲಿ ಶೇ 23.5. ಪ್ರಯೋಜನ ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಮೊದಲೇ ನಿಲ್ಲಿಸಿದರು. ಐದು ವರ್ಷದ ಅಂತರದಲ್ಲಿ ‘ಸ್ಟಿರಾಯ್ಡ್‌ನಿಂದ ಸಾವು ಹೆಚ್ಚಳ’, ‘ಸ್ಟಿರಾಯ್ಡ್‌ನಿಂದ ಸಾವು ಇಳಿಕೆ’ ಎಂಬ ಎರಡು ಸುದ್ದಿ ಓದಿದ ಸಾಮಾನ್ಯ ಓದುಗ ‘ಈ ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ’ ಎಂದು ಪತ್ರಿಕೆ ಮಡಚಿಟ್ಟರೆ ತಪ್ಪು ಅವರದಲ್ಲ. ಎರಡೂ ಸತ್ಯ. ವಾರ ಗೊತ್ತಿದೆಯೇ, ಸೋಂಕು ಇದೆಯೇ, ಏಳು ದಿನದೊಳಗೆ ಹೆರಿಗೆ ಆಗಬಹುದೇ, ಹುಟ್ಟಿದ ಮಗುವಿಗೆ ಆರೈಕೆ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಸೇರಿಸಿದ್ದರೆ ಎರಡು ಸುದ್ದಿಗೂ ಜಗಳವೇ ಇರುತ್ತಿರಲಿಲ್ಲ.

ಯಂತ್ರದ ವಿಷಯದಲ್ಲೂ ಹೀಗೇ. ಹುಟ್ಟುವಾಗ ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾದ ಪೂರ್ಣಾವಧಿ ಶಿಶುವಿನ ಮೈಯನ್ನು 33.5 ಡಿಗ್ರಿಯ ಹತ್ತಿರ 72 ಗಂಟೆ ತಂಪಾಗಿಡುವುದು ಶ್ರೀಮಂತ ದೇಶಗಳಲ್ಲಿ ಸಾವು ಮತ್ತು ಅಂಗವೈಕಲ್ಯ ಇಳಿಸಿದ ಚಿಕಿತ್ಸೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಪ್ರಯೋಗದಲ್ಲಿ ತಂಪಾಗಿಸಿದವರಲ್ಲಿ ಸತ್ತದ್ದು ಶೇ 42, ಎಂದಿನ ಆರೈಕೆಯಲ್ಲಿ ಶೇ 31. ಒಂದು ಕಡೆ ಗೆದ್ದ ಚಿಕಿತ್ಸೆ ಇನ್ನೊಂದು ಕಡೆಯ ಶಿಶುಗಳಲ್ಲಿ ಅಪಾಯ ತಂದಿತು. ಇಂಥ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದವರಿಗೆ ಮೆಚ್ಚುಗೆ ಸಲ್ಲಬೇಕು.

ಇದಕ್ಕೆ ತದ್ವಿರುದ್ಧವಾಗಿ, ಯಂತ್ರವೇ ಇಲ್ಲದ, ಮಗುವನ್ನು ಬರಿಮೈಯಲ್ಲಿ ಎದೆಗೆ ಹಚ್ಚಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯ ಸುದ್ದಿ ‘ತಾಯಿಯ ಅಪ್ಪುಗೆಯೇ ಮದ್ದು’ ಎಂಬ ಭಾವುಕ ಧಾಟಿಯಲ್ಲಿ ಬರುತ್ತದೆ. ಓದಲು ಹಿತ, ಆದರೆ ಅದರಲ್ಲಿ ಕೆಲಸದ ವಿವರ ಕಾಣೆಯಾಗುತ್ತದೆ. 2021ರಲ್ಲಿ ಬಂದ ಪ್ರಯೋಗದಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಐದು ಆಸ್ಪತ್ರೆಗಳ, 1 ಕಿಲೋದಿಂದ 1.8 ಕಿಲೋದೊಳಗಿನ 3,211 ಶಿಶುಗಳಿದ್ದವು. ಕಾಂಗರೂ ಆರೈಕೆ ಎರಡೂ ಗುಂಪಿಗೆ ಸಿಕ್ಕಿತ್ತು! ಒಂದರಲ್ಲಿ ಹುಟ್ಟಿದ ಸುಮಾರು 1.3 ಗಂಟೆಗೇ ಶುರು. ಇನ್ನೊಂದರಲ್ಲಿ ಮಗು ಸ್ಥಿರವಾದ ಮೇಲೆ, ಸುಮಾರು 54 ಗಂಟೆಗೆ. 28 ದಿನದೊಳಗಿನ ಸಾವು ಶೇ 12.0 ಮತ್ತು ಶೇ 15.7. ತೀವ್ರ ನಿಗಾ ಘಟಕದಲ್ಲಿದ್ದಾಗ ಮೊದಲ ಗುಂಪಿನ ಮಗು ದಿನಕ್ಕೆ ಸುಮಾರು 17 ಗಂಟೆ ಎದೆಗೆ ಅಂಟಿಕೊಂಡೇ ಇತ್ತು. ಅದು ಸಾಧ್ಯವಾಗಬೇಕಾದರೆ ತಾಯಿಯ ಮಂಚ ಶಿಶುಗಳ ಘಟಕದ ಒಳಗೇ ಇರಬೇಕು, ಆಗತಾನೆ ಹೆತ್ತ ಅವಳ ಆರೈಕೆಯೂ ಅಲ್ಲೇ ನಡೆಯಬೇಕು, ಅವಳು ದಣಿದಾಗ ಮಗುವನ್ನು ಎದೆಗೆ ಹಚ್ಚಿಕೊಳ್ಳಲು ಮನೆಯ ಇನ್ನೊಬ್ಬರಿಗೆ ಒಳಗೆ ಪ್ರವೇಶವಿರಬೇಕು, ಉಸಿರಾಟದ ಆಸರೆ ಮಗು ಎದೆಯ ಮೇಲಿರುವಾಗಲೇ ಮುಂದುವರಿಯಬೇಕು. ಶಿಶು ಘಟಕದ ಬಾಗಿಲಲ್ಲಿ ‘ತಾಯಂದಿರಿಗೆ ಭೇಟಿ ಸಮಯ’ ಎಂಬ ಫಲಕ ತೂಗುವ ಆಸ್ಪತ್ರೆ ಈ ಸಂಶೋಧನೆಯನ್ನು ಪಾಲಿಸುತ್ತಿದ್ದೇನೆ ಎಂದು ಹೇಳಿಕೊಳ್ಳಲಾಗದು.

ಹೆರಿಗೆ ನೋವಿನ ಸಮಯದಲ್ಲಿ ಬಾಯಿಂದ ಕೊಡುವ 2 ಗ್ರಾಂ ಅಜಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಬಗ್ಗೆ ಒಂದೇ ಮಾತು. 2023ರ ಪ್ರಯೋಗದಲ್ಲಿ ತಾಯಂದಿರ ಸೆಪ್ಸಿಸ್ (ಮೈಯೆಲ್ಲ ಆವರಿಸುವ ತೀವ್ರ ಸೋಂಕು) ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು, ಶಿಶುಗಳಿಗೆ ಪ್ರಯೋಜನ ಕಾಣಲಿಲ್ಲ. ‘ತಾಯಿ-ಮಗುವನ್ನು ಉಳಿಸುವ ಮಾತ್ರೆ’ ಎಂದು ಬರೆದರೆ ಅರ್ಧ ಸುಳ್ಳು.

ಮದ್ದೂ ಅಲ್ಲದ, ಯಂತ್ರವೂ ಅಲ್ಲದ ಇನ್ನೊಂದು ಪ್ರಯೋಗವಿದೆ. ಸೋತದ್ದರಿಂದಲೇ ಅದು ನಮಗೆ ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಬೆಟರ್‌ಬರ್ತ್ ಪ್ರಯೋಗ. ಸುರಕ್ಷಿತ ಹೆರಿಗೆಗೆ 28 ಅಂಶಗಳ ತಪಾಸಣಾ ಪಟ್ಟಿ, ಜೊತೆಗೆ ಎಂಟು ತಿಂಗಳು ಬೆನ್ನಿಗೆ ನಿಂತು ಹೇಳಿಕೊಡುವ ತರಬೇತುದಾರರು. ಎರಡು ತಿಂಗಳಿಗೆ ಅಗತ್ಯ ಕ್ರಮಗಳ ಪಾಲನೆ ಶೇ 73 ತಲುಪಿತು, ಪಟ್ಟಿಯಿಲ್ಲದ ಕೇಂದ್ರಗಳಲ್ಲಿ ಶೇ 42. ಹನ್ನೆರಡು ತಿಂಗಳಿಗೆ ಶೇ 62ಕ್ಕೆ ಜಾರಿತು. ಆದರೆ ತಾಯಿ ಅಥವಾ ಶಿಶುವಿನ ಸಾವು, ತಾಯಿಯ ತೀವ್ರ ತೊಂದರೆ, ಇವೆಲ್ಲ ಸೇರಿ ಶೇ 15.1 ಮತ್ತು ಶೇ 15.3. ವ್ಯತ್ಯಾಸವಿಲ್ಲ. ಕೈ ತೊಳೆಯುವುದು, ಬಿಪಿ ನೋಡುವುದು, ಆಕ್ಸಿಟೋಸಿನ್ ಕೊಡುವುದು ಹೆಚ್ಚಿತು; ಸಾವು ಇಳಿಯಲಿಲ್ಲ. ನಮ್ಮ ಓದಿನಲ್ಲಿ ಕಾರಣ ಇಷ್ಟು: ಬಿಪಿ ಹೆಚ್ಚಿದೆ ಎಂದು ಪಟ್ಟಿಯಲ್ಲಿ ಟಿಕ್ ಹಾಕಿದ ಮೇಲೆ ಮುಂದೇನು ಎಂಬುದಕ್ಕೆ ಮದ್ದು, ಕೌಶಲ, ರಕ್ತ, ಶಸ್ತ್ರಚಿಕಿತ್ಸೆ, ಹೊತ್ತಿಗೆ ಸರಿಯಾಗಿ ದೊಡ್ಡ ಆಸ್ಪತ್ರೆ ಬೇಕು. ಪಟ್ಟಿ ತೊಂದರೆಯನ್ನು ತೋರಿಸುತ್ತದೆ, ಬಗೆಹರಿಸುವುದಿಲ್ಲ. ಇ-ಮೋಟಿವ್ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ತಿಳಿಯಾಗುತ್ತದೆ. ಅಲ್ಲಿ ಗೆರೆ ಮುಟ್ಟಿದ ಕ್ಷಣಕ್ಕೆ ಮಾಡಬೇಕಾದ ಕೆಲಸವೂ, ಅದಕ್ಕೆ ಬೇಕಾದ ಸಾಮಾನೂ ಕೈಯಳತೆಯಲ್ಲಿದ್ದವು.

ಹಾಗಾದರೆ ಪತ್ರಿಕೆಯಿಂದ ನಾವು ಕೇಳುತ್ತಿರುವುದೇನು? ಇಡೀ ಪ್ರಬಂಧವನ್ನು ಅಚ್ಚು ಹಾಕಿ ಎಂದಲ್ಲ. ಶೇಕಡಾ ಇಳಿಕೆಯ ಪಕ್ಕದಲ್ಲಿ ಸಾವಿರಕ್ಕೆ ಎಷ್ಟರಿಂದ ಎಷ್ಟಕ್ಕೆ ಎಂಬ ಎರಡು ಅಂಕಿ, ಯಾರನ್ನು ಸೇರಿಸಿಕೊಂಡರು ಮತ್ತು ಯಾರನ್ನು ಬಿಟ್ಟರು, ಹೋಲಿಕೆಯ ಗುಂಪಿಗೆ ಏನು ಸಿಕ್ಕಿತು, ಮದ್ದಿನ ಜೊತೆ ಇನ್ನೇನು ಬೇಕಿತ್ತು, ಏನು ಇಳಿಯಲಿಲ್ಲ. ಇಷ್ಟಕ್ಕೆ ಜಾಗ ಹೆಚ್ಚು ಹಿಡಿಯುವುದಿಲ್ಲ. ಹಳೆಯದೊಂದು ಪ್ರಯೋಗವನ್ನು, ಬಿಪಿ ಏರಿದ ಗರ್ಭಿಣಿಯರಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ನೋಡಿದ 2002ರ ಮ್ಯಾಗ್‌ಪೈ ಪ್ರಯೋಗವನ್ನು, ಮಾದರಿಗಾಗಿ ಸುದ್ದಿಯ ರೂಪದಲ್ಲಿ ಬರೆದು ಕಳಿಸುತ್ತಿದ್ದೇವೆ:

‘ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡ 33 ದೇಶಗಳ 10,141 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಮೆಗ್ನೀಸಿಯಂ ಸಲ್ಫೇಟ್, ಉಳಿದವರಿಗೆ ಮದ್ದಿಲ್ಲದ ದ್ರಾವಣ ಕೊಡಲಾಯಿತು. ಫಿಟ್ಸ್ ಬಂದದ್ದು ಮದ್ದು ಪಡೆದವರಲ್ಲಿ ಸಾವಿರಕ್ಕೆ 8, ಪಡೆಯದವರಲ್ಲಿ ಸಾವಿರಕ್ಕೆ 19. ಅಂದರೆ ಅರ್ಧಕ್ಕಿಂತಲೂ ಕಡಿಮೆ. ಶಿಶುಗಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮದ್ದು ಹೆಚ್ಚಾದರೆ ಉಸಿರು ನಿಲ್ಲಬಹುದಾದ್ದರಿಂದ, ಸ್ನಾಯುವಿಗೆ ಕೊಡುವ ಪ್ರತಿ ಡೋಸಿಗೆ ಮೊದಲು ಮಂಡಿ ತಟ್ಟಿದಾಗ ಕಾಲು ಮಿಡಿಯುತ್ತದೆಯೇ, ಉಸಿರು ನಿಮಿಷಕ್ಕೆ ಕನಿಷ್ಠ 16 ಇದೆಯೇ, ಹಿಂದಿನ 4 ಗಂಟೆಯಲ್ಲಿ ಕನಿಷ್ಠ 100 ಮಿ.ಲೀ. ಮೂತ್ರ ಹೋಗಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಡೋಸ್ ತಡೆಹಿಡಿಯಬೇಕು. ವಿರುದ್ಧ ಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ 1 ಗ್ರಾಂ ಮಂಚದ ಪಕ್ಕದಲ್ಲೇ ಇರಬೇಕು.’

ಇತಿ,
ಹೆರಿಗೆ ಮತ್ತು ನವಜಾತ ಶಿಶು ಆರೈಕೆಯ ಸಂಶೋಧನೆಗಳನ್ನು ಹತ್ತಿರದಿಂದ ಬಲ್ಲ ಕೆಲವು ಓದುಗರು